ಬಾಯಾರಿಕೆಯನ್ನು ನಂಬಿ ಕೂರಬೇಡಿ: ಬೇಸಿಗೆಯಲ್ಲಿ ಮನೆಯ ಹಿರಿಯರ ಆರೈಕೆ



ಬೇಸಿಗೆ ಸಮೀಪಿಸಿತೆಂದರೆ ಒಕ್ಕೂಟದ ಪತ್ರಿಕೆಯಲ್ಲಿ ರಾಸುಗಳ ಆರೈಕೆಯ ಲೇಖನ ಬರುವುದು ವಾಡಿಕೆ. ಎಮ್ಮೆಗಳನ್ನು ನೆರಳಿನಲ್ಲಿ ಕಟ್ಟಿ, ಮೈಮೇಲೆ ನೀರು ಹಾಕಿ, ಹಿಂಡಿಯನ್ನು ತಂಪು ಹೊತ್ತಿನಲ್ಲಿ ಇಡಿ ಎಂಬ ಸಲಹೆಗಳನ್ನು ತಾವು ಅನೇಕ ಸಲ ಓದಿರುತ್ತೀರಿ. ಈ ಸಲ ಎಮ್ಮೆಯ ಹಗ್ಗ ಹಿಡಿದವರ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಆ ಹಗ್ಗ ಬಹಳ ಮನೆಗಳಲ್ಲಿ ಹಿರಿಯರ ಕೈಯಲ್ಲಿರುತ್ತದೆ.

ದೇವದುರ್ಗ ತಾಲ್ಲೂಕಿನ ಹಳ್ಳಿ ಮತ್ತು ತಾಂಡಾಗಳಲ್ಲಿ ಸುಗ್ಗಿ ಮುಗಿದ ಮೇಲೆ ದುಡಿಯುವ ವಯಸ್ಸಿನವರು ಬೆಂಗಳೂರು, ಪುಣೆ, ಮುಂಬಯಿ ಕಡೆಗೆ ಗುಳೆ ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಟ್ಟುವ ಊರುಗಳಲ್ಲಿ ಗುಳೆ ಅಷ್ಟಿಲ್ಲದಿದ್ದರೂ ಮಕ್ಕಳು ಓದಿಗೋ ನೌಕರಿಗೋ ರಾಯಚೂರು ನಗರದಲ್ಲಿ ಮನೆ ಮಾಡಿರುತ್ತಾರೆ. ಊರಿನ ಮನೆಯಲ್ಲಿ ಉಳಿಯುವವರು ಅಜ್ಜ, ಆಯಿ ಮತ್ತು ಎರಡು ಎಮ್ಮೆ. ಮೇವು ತರುವುದು, ನೀರು ಸೇದುವುದು, ಸಗಣಿ ಬಳಿಯುವುದು, ಸಂಜೆ ಬಿಸಿಲು ಇಳಿಯುವ ಮೊದಲೇ ಕ್ಯಾನು ಹಿಡಿದು ಸಂಘಕ್ಕೆ ಬರುವುದು, ಎಲ್ಲವೂ ಅವರದೇ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿಯಿದೆ. ಎಮ್ಮೆ ಕಟ್ಟಿದ ಅಜ್ಜನಿಗೆ ಅಂಥ ಆದೇಶವನ್ನು ಯಾರೂ ಹೊರಡಿಸುವುದಿಲ್ಲ.

ಹಿರಿಯರಿಗೆ ಮಧ್ಯಾಹ್ನ ಹೊರಗೆ ಹೋಗಬೇಡಿ ಎಂದರೆ ಬರುವ ಉತ್ತರವೂ ಗೊತ್ತಿದ್ದದ್ದೇ: "ನಾ ಇಂಥಾ ಎಷ್ಟು ಬ್ಯಾಸಗಿ ಕಂಡೀನಿ ತಗಿ." ಮಾತು ಸುಳ್ಳಲ್ಲ. 42, 43 ಡಿಗ್ರಿ ಬಿಸಿಲು ರಾಯಚೂರಿಗೆ ಹೊಸದಲ್ಲ. ಆದರೆ ಮೂವತ್ತರ ವಯಸ್ಸಿನಲ್ಲಿ ಆ ಬಿಸಿಲನ್ನು ತಡೆದ ದೇಹ ಎಪ್ಪತ್ತರಲ್ಲಿ ಹಾಗೆಯೇ ಇರುವುದಿಲ್ಲ. ಒಳಗೆ ಏನು ಬದಲಾಗುತ್ತದೆ ಎಂಬುದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

ದೇಹ ತಂಪಾಗುವ ಬಗೆ

ಮನುಷ್ಯನ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಚರ್ಮ ಅದಕ್ಕಿಂತ ಒಂದೆರಡು ಡಿಗ್ರಿ ತಂಪಾಗಿರುತ್ತದೆ. ಹೊರಗಿನ ಗಾಳಿ ಚರ್ಮಕ್ಕಿಂತ ತಂಪಾಗಿದ್ದರೆ ಒಳಗಿನ ಕಾವು ರಕ್ತದ ಮೂಲಕ ಚರ್ಮಕ್ಕೆ ಬಂದು ತಾನಾಗಿ ಗಾಳಿಗೆ ಹೋಗುತ್ತದೆ. ಹೊರಗೆ 42 ಡಿಗ್ರಿ ಇದ್ದಾಗ ಈ ದಾರಿ ಮುಚ್ಚಿಹೋಗುತ್ತದೆ. ಅಷ್ಟೇ ಅಲ್ಲ, ಗಾಳಿಯೇ ದೇಹಕ್ಕೆ ಕಾವು ಕೊಡಲು ಶುರುಮಾಡುತ್ತದೆ. ಆಗ ಉಳಿಯುವ ದಾರಿ ಒಂದೇ, ಬೆವರು.

ಬೆವರು ಹರಿದರೆ ಸಾಲದು, ಆರಬೇಕು. ಆರುವಾಗ ಅದು ಮೈಯ ಕಾವನ್ನು ಎಳೆದುಕೊಂಡು ಹೋಗುತ್ತದೆ. ಒಂದು ಲೀಟರ್ ಬೆವರು ಮೈಮೇಲೆಯೇ ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲರಿ ಕಾವು ಹೊರಹೋಗುತ್ತದೆ. ಏಳು ಲೀಟರ್ ನೀರನ್ನು ಒಲೆಯ ಮೇಲಿಟ್ಟು ಕುದಿಸಲು ಹೆಚ್ಚುಕಡಿಮೆ ಅಷ್ಟೇ ಕಾವು ಬೇಕು. ಮಣ್ಣಿನ ಹರವಿಯ ನೀರು ತಂಪಾಗುವುದೂ ಇದೇ ಕ್ರಮದಲ್ಲಿ. ಹರವಿಯ ಸಣ್ಣ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆರುತ್ತದೆ. ವರ್ಷಗಳು ಕಳೆದಂತೆ ನೀರಿನ ಉಪ್ಪು ಕಟ್ಟಿ ರಂಧ್ರಗಳು ಮುಚ್ಚುತ್ತವೆ, ನೀರು ಮೊದಲಿನಂತೆ ತಣ್ಣಗಾಗುವುದಿಲ್ಲ, ಹೊಸ ಹರವಿ ತರುತ್ತೇವೆ.

ವಯಸ್ಸಾದವರ ಚರ್ಮದಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ ಆಗುತ್ತದೆ. ಬೆವರಿನ ಗ್ರಂಥಿಗಳು ಇದ್ದರೂ ಒಂದೊಂದೂ ಕೊಡುವ ಬೆವರು ಕಡಿಮೆ, ಅದೂ ತಡವಾಗಿ ಬರುತ್ತದೆ. ಇದರ ಜೊತೆಗೆ ಹೃದಯದ ಮಾತಿದೆ. ಕಾವನ್ನು ಚರ್ಮಕ್ಕೆ ಮುಟ್ಟಿಸಲು ಹೃದಯ ಹೆಚ್ಚು ರಕ್ತವನ್ನು ಒತ್ತಬೇಕು. ಬಿಸಿಲಿನಲ್ಲಿ ಸುಮ್ಮನೆ ಕುಳಿತರೂ ಹೃದಯ ದುಡಿಯುತ್ತಲೇ ಇರುತ್ತದೆ. ಬಿಸಿಲಿನಿಂದ ತೀರಿಕೊಂಡ ಹಿರಿಯರಲ್ಲಿ ಅನೇಕರ ಸಾವು ಹೃದಯಾಘಾತವೆಂದೇ ದಾಖಲಾಗುತ್ತದೆ. ಆದ್ದರಿಂದ ಬಿಸಿಲಿಗೆ ಸತ್ತವರ ಲೆಕ್ಕ ಯಾವಾಗಲೂ ಕಡಿಮೆಯೇ ಕಾಣಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಬಾಯಾರಿಕೆ. ದೇಹದಲ್ಲಿ ನೀರು ಕಡಿಮೆಯಾದಾಗ ಮಿದುಳು ಬಾಯಾರಿಕೆಯ ಮೂಲಕ ತಿಳಿಸುತ್ತದೆ. ವಯಸ್ಸಾದ ಮೇಲೆ ಈ ಸೂಚನೆ ಮಂದವಾಗುತ್ತದೆ. ದೇಹಕ್ಕೆ ನೀರು ಬೇಕಾಗಿದ್ದರೂ ಬಾಯಿ ಕೇಳುವುದಿಲ್ಲ. ಮೂತ್ರಪಿಂಡಗಳಿಗೂ ನೀರನ್ನು ಉಳಿಸಿಕೊಳ್ಳುವ ಶಕ್ತಿ ತಗ್ಗಿರುತ್ತದೆ. ಯುವಕರ ದೇಹದ ತೂಕದಲ್ಲಿ ಸುಮಾರು 60 ಭಾಗ ನೀರಿದ್ದರೆ ಮುದುಕರಲ್ಲಿ ಅದು 50ರ ಸುಮಾರಿಗೆ ಇಳಿದಿರುತ್ತದೆ, ಅಂದರೆ ಕಳೆದುಕೊಳ್ಳಲು ಇರುವ ದಾಸ್ತಾನೇ ಕಡಿಮೆ. "ನೀರಡಿಕಿ ಆಗಿಲ್ಲ" ಎಂದು ಅಜ್ಜ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಆಗಿರುವುದಿಲ್ಲ. ಆದರೆ ಅದನ್ನು ನಂಬಿ ನೀರು ಕೊಡದೆ ಇರಬಾರದು.

ಎಮ್ಮೆಯ ಉದಾಹರಣೆ ಕೊಟ್ಟರೆ ಹಿರಿಯರು ಬೇಸರಪಟ್ಟುಕೊಳ್ಳಬಾರದು. ಎಮ್ಮೆಗೆ ಆಕಳಿಗಿಂತ ಬೆವರಿನ ಗ್ರಂಥಿಗಳು ಬಹಳ ಕಡಿಮೆ, ಮೈ ಕಪ್ಪು. ತನ್ನ ಮೈಯನ್ನು ತಾನೇ ತಂಪು ಮಾಡಿಕೊಳ್ಳಲಾರದೆಂದೇ ಅದು ಹಳ್ಳಕ್ಕೆ ಇಳಿಯುತ್ತದೆ, ನಾವು ಅದಕ್ಕೆ ನೀರು ಸುರಿಯುತ್ತೇವೆ. ಹಾಲು ಇಳಿದೀತೆಂಬ ಚಿಂತೆಯಿಂದ ಮಧ್ಯಾಹ್ನ ಎರಡು ಕೊಡ ನೀರನ್ನು ಎಮ್ಮೆಗೆ ಹಾಕಿ, ತಮ್ಮ ತಲೆಯ ಟವಲನ್ನು ಒದ್ದೆ ಮಾಡಿಕೊಳ್ಳದೆ ಬರುವ ಅಜ್ಜಂದಿರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಮಾತ್ರೆಗಳ ವಿಷಯ

ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಹಿರಿಯರು ಈಗ ಹೆಚ್ಚಿನ ಮನೆಗಳಲ್ಲಿ ಇದ್ದಾರೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ದೇಹದ ನೀರು ಇಳಿಸುತ್ತವೆ. ಕೆಲವು ಹೃದಯದ ಬಡಿತವನ್ನು ನಿಧಾನಗೊಳಿಸುತ್ತವೆ. ಮಾನಸಿಕ ಕಾಯಿಲೆಗೆ, ಅಲರ್ಜಿಗೆ ಕೊಡುವ ಕೆಲವು ಮಾತ್ರೆಗಳು ಬೆವರನ್ನು ಕಡಿಮೆ ಮಾಡುತ್ತವೆ. ಹಾಗೆಂದು ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು. ಮಾರ್ಚ್ ತಿಂಗಳಲ್ಲಿಯೇ ಒಮ್ಮೆ ಚೀಟಿ, ಮಾತ್ರೆ ಎರಡನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ, ಬೇಸಿಗೆಗೆ ಪ್ರಮಾಣ ಬದಲಿಸಬೇಕೇ, ದಿನಕ್ಕೆ ಎಷ್ಟು ನೀರು ಕುಡಿಯಬಹುದು ಎಂದು ಕೇಳಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ವೈದ್ಯರು ನೀರಿನ ಮಿತಿ ಹೇಳಿರುತ್ತಾರೆ. ಅಂಥವರು ಈ ಲೇಖನದ ಅಳತೆಯನ್ನು ಅನುಸರಿಸದೆ ವೈದ್ಯರ ಅಳತೆಯನ್ನೇ ಅನುಸರಿಸಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರ ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಒದ್ದೆ ಮಣ್ಣಿನ ಗಡಿಗೆಯೊಳಗೆ ನೆರಳಿನಲ್ಲಿ ಇಡಿ. ತಗಡಿನ ಕೆಳಗಿನ ಗೂಡಿನಲ್ಲಿಟ್ಟ ಇನ್ಸುಲಿನ್ ಕೆಡುತ್ತದೆ.

ಬೇರೆ ಕಡೆ ನಡೆದದ್ದು

ಇದು ಬಡ ದೇಶಗಳ ತೊಂದರೆ ಮಾತ್ರ ಎಂದು ತಿಳಿಯಬೇಡಿ. 2003ರ ಆಗಸ್ಟ್ ತಿಂಗಳಲ್ಲಿ ಫ್ರಾನ್ಸ್ ದೇಶದಲ್ಲಿ ಬಿಸಿಗಾಳಿಗೆ ಸುಮಾರು 15 ಸಾವಿರ ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು 75 ದಾಟಿದವರು. ಆಗಸ್ಟ್ ಆ ದೇಶದಲ್ಲಿ ರಜೆಯ ತಿಂಗಳು, ಮನೆಮಂದಿ ಊರು ಬಿಟ್ಟು ಹೋಗಿದ್ದ ಕಾಲ. ಅಮೆರಿಕದ ಷಿಕಾಗೋ ನಗರದಲ್ಲಿ 1995ರ ಜುಲೈಯಲ್ಲಿ ಕೆಲವೇ ದಿನಗಳಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಬಹಳಷ್ಟು ಮಂದಿ ಒಂಟಿಯಾಗಿದ್ದ ಮುದುಕರು, ಬಾಗಿಲು ಕಿಟಕಿ ಹಾಕಿಕೊಂಡು ಒಳಗೇ ಇದ್ದವರು. ನಮ್ಮ ಹತ್ತಿರಕ್ಕೇ ಬರುವುದಾದರೆ, 2015ರ ಮೇ ತಿಂಗಳಲ್ಲಿ ಕೃಷ್ಣಾ ಮತ್ತು ತುಂಗಭದ್ರೆಯ ಆಚೆಗಿನ ತೆಲಂಗಾಣ, ಆಂಧ್ರ ಪ್ರದೇಶಗಳೆರಡರಲ್ಲಿಯೂ ಸೇರಿ ಸಾವಿರಕ್ಕೂ ಹೆಚ್ಚು ಜನ ಬಿಸಿಲಿಗೆ ಬಲಿಯಾದರು. ನದಿ ದಾಟಿದ ಮಾತ್ರಕ್ಕೆ ಬಿಸಿಲು ಬೇರೆಯಾಗುವುದಿಲ್ಲ.

ಷಿಕಾಗೋದ ಸಾವುಗಳನ್ನು ಪರಿಶೀಲಿಸಿದವರು ಕಂಡುಕೊಂಡ ಒಂದು ಅಂಶ ನಮಗೆ ಬಹಳ ಬೇಕಾದದ್ದು. ದಿನಾ ಯಾರಾದರೂ ಬಂದು ಮಾತನಾಡಿಸುತ್ತಿದ್ದ, ಮನೆಯಿಂದ ಹೊರಗೆ ಬಂದು ನಾಲ್ಕು ಜನರ ನಡುವೆ ಇರುತ್ತಿದ್ದ ಹಿರಿಯರು ಹೆಚ್ಚಾಗಿ ಉಳಿದುಕೊಂಡಿದ್ದರು. ಈ ಮಾತಿಗೆ ಮುಂದೆ ಮತ್ತೆ ಬರೋಣ.

ಮನೆಯಲ್ಲಿ ಮಾಡಬೇಕಾದದ್ದು

ಮೊದಲನೆಯದು ನೀರು. ಬಾಯಾರಿಕೆಯನ್ನು ನಂಬುವಂತಿಲ್ಲವಾದ್ದರಿಂದ ಹೊತ್ತನ್ನು ನಂಬಬೇಕು. ಎಮ್ಮೆ ಕರೆಯುವುದಕ್ಕೆ ಹೊತ್ತು ತಪ್ಪಿಸುತ್ತೇವೆಯೇ? ಹಾಗೆಯೇ ಎದ್ದಾಗ ಒಂದು ಲೋಟ, ಹಾಲು ಹಾಕಿ ಬಂದ ಮೇಲೆ ಒಂದು, ದನಕ್ಕೆ ನೀರು ಕುಡಿಸಿದಾಗಲೆಲ್ಲ ಒಂದು, ಊಟದ ಹೊತ್ತಿಗೆ ಒಂದು. ಒಟ್ಟು ದಿನಕ್ಕೆ ಎಂಟು ಹತ್ತು ಲೋಟ ಆಗಬೇಕು. ಅಂಬಲಿ, ಗಂಜಿ, ಮಜ್ಜಿಗೆ ಇದರಲ್ಲಿ ಸೇರಿದರೆ ಇನ್ನೂ ಒಳ್ಳೆಯದು. ಚಹಾ ಬೇಡವೆಂದರೆ ಯಾರೂ ಕೇಳುವುದಿಲ್ಲ. ಕುಡಿಯಲಿ, ಆದರೆ ಚಹಾ ಒಂದನ್ನೇ ನಂಬಿ ದಿನ ಕಳೆಯಬಾರದು. ಸೇಂದಿ, ಮದ್ಯ ಮಾತ್ರ ಬೇಸಿಗೆಯಲ್ಲಿ ಅಪಾಯ. ದೇಹದ ನೀರನ್ನೂ ಕಳೆಯುತ್ತದೆ, ಎಚ್ಚರವನ್ನೂ ಕಳೆಯುತ್ತದೆ. ಮೂತ್ರ ಗಾಢ ಹಳದಿಯಾದರೆ, ಅಥವಾ ಮಧ್ಯಾಹ್ನದವರೆಗೆ ಒಮ್ಮೆಯೂ ಹೋಗದಿದ್ದರೆ, ನೀರು ಸಾಲದಾಗಿದೆ ಎಂದು ಅರ್ಥ.

ಆಯಿಯರು ನೀರು ಕುಡಿಯದಿರಲು ಇನ್ನೊಂದು ಕಾರಣವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀರು ಕುಡಿದರೆ ಮೂತ್ರಕ್ಕೆ ಏಳಬೇಕು. ಮೊಣಕಾಲು ನೋವು, ಶೌಚಾಲಯ ಮನೆಯಿಂದ ದೂರ ಅಥವಾ ಇಲ್ಲವೇ ಇಲ್ಲ, ಹೊರಗೆ ಕತ್ತಲು, ಚೇಳಿನ ಭಯ. ಆದ್ದರಿಂದ ಸಂಜೆಯಾದ ಮೇಲೆ ಅವರು ಹನಿ ನೀರು ಮುಟ್ಟುವುದಿಲ್ಲ. ಅವರಿಗೆ ಉಪದೇಶ ಮಾಡುವುದರಿಂದ ಪ್ರಯೋಜನವಿಲ್ಲ. ಹಿತ್ತಲಿನಲ್ಲಿ ಒಂದು ಮರೆ, ಹಿಡಿದು ಏಳಲು ಗೋಡೆಗೆ ಒಂದು ಹಿಡಿಕೆ, ದಾರಿಗೆ ಒಂದು ದೀಪ ಮಾಡಿಕೊಟ್ಟರೆ ನೀರು ತಾನಾಗಿ ಹೊಟ್ಟೆಗೆ ಹೋಗುತ್ತದೆ. ಗುಳೆಗೆ ಹೊರಡುವ ಮೊದಲು ಮಗ ಮಾಡಬಹುದಾದ ಕೆಲಸವಿದು. ಒಂದು ದಿನದ ಕೆಲಸ.

ಇನ್ನು ಮಜ್ಜಿಗೆ. ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಬೇಸಿಗೆಯಲ್ಲಿ ಹಾಲು ಇಳಿಯುತ್ತದೆ, ಖರ್ಚು ಇಳಿಯುವುದಿಲ್ಲ. ಇದ್ದ ಹಾಲನ್ನೆಲ್ಲ ಸಂಘಕ್ಕೆ ಹಾಕಿ, ಎಮ್ಮೆ ಸಾಕಿದ ಮನೆಯಲ್ಲಿಯೇ ಮಜ್ಜಿಗೆ ಇಲ್ಲದಂತಾಗಿರುವುದನ್ನು ತಾವೂ ಕಂಡಿದ್ದೀರಿ. ಹೆಚ್ಚು ಹಾಲು ಹಾಕಿ ಎಂದು ಹೇಳುವ ಪತ್ರಿಕೆ ಇದಾದರೂ ಹೇಳುತ್ತೇವೆ: ಮನೆಯಲ್ಲಿ ಹಿರಿಯರಿದ್ದರೆ ದಿನಕ್ಕೆ ಅರ್ಧ ಲೀಟರ್ ಹಾಲನ್ನು ಮನೆಗೆ ಇಟ್ಟುಕೊಳ್ಳಿ. ಅದರ ಮೊಸರನ್ನು ಕಡೆದು, ಎರಡು ಲೀಟರ್ ನೀರು ಬೆರೆಸಿ, ಚಿಟಿಕೆ ಉಪ್ಪು, ಜೀರಿಗೆ, ಕೊತ್ತಂಬರಿ ಹಾಕಿದರೆ ಇಬ್ಬರಿಗೆ ದಿನವಿಡೀ ಸಾಕಾಗುವ ನೀರು ಮಜ್ಜಿಗೆ ಆಗುತ್ತದೆ. ರಕ್ತದೊತ್ತಡ ಇದ್ದವರಿಗೆ ಉಪ್ಪು ಬೇಡ. ಬಹಳ ಬೆವರಿದಾಗ, ವಾಂತಿಭೇದಿಯಾದಾಗ ಓಆರ್‌ಎಸ್ ಪುಡಿ ಮೇಲು. ಆಶಾ ಕಾರ್ಯಕರ್ತೆಯರ ಹತ್ತಿರ ಸಿಗುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡೂ ಸಮತಟ್ಟಾಗಿ ಅಳೆದು ಕರಗಿಸಿ. ಉಪ್ಪು ಹೆಚ್ಚಾಗಬಾರದು.

ಎರಡನೆಯದು ಮನೆ. ಕಲ್ಲಿನ ಗೋಡೆ, ಮೇಲೆ ಮಣ್ಣು ಹಾಕಿದ ಹಳೆಯ ಮಾಳಿಗೆ ಮನೆಗಳು ಮಧ್ಯಾಹ್ನ ತಂಪಾಗಿರುತ್ತಿದ್ದವು. ಈಗ ಮಕ್ಕಳು ಹೊಸ ಆರ್‌ಸಿಸಿ ಮನೆ ಕಟ್ಟಿಸಿ, ಅಜ್ಜನನ್ನು ಎಮ್ಮೆ ಕಾಯಲೆಂದು ತಗಡಿನ ಶೆಡ್ಡಿಗೆ ಕಳಿಸುತ್ತಾರೆ. ಬರಿಯ ತಗಡಿನ ಕೆಳಗೆ ಮಧ್ಯಾಹ್ನ ಹೊರಗಿನ ನೆರಳಿಗಿಂತ ಕಾವು ಹೆಚ್ಚು. ಎಮ್ಮೆಗಳ ಮೈಯ ಕಾವು, ಉಸಿರಿನ ತೇವ ಬೇರೆ. ಹಳೆಯ ಮಾಳಿಗೆ ಮನೆ ಇನ್ನೂ ನಿಂತಿದ್ದರೆ ಹಿರಿಯರ ಮಂಚ ಮಧ್ಯಾಹ್ನಕ್ಕಾದರೂ ಅಲ್ಲಿರಲಿ. ಇಲ್ಲವಾದರೆ ತಗಡಿನ ಮೇಲೆ ದಪ್ಪಗೆ ಸುಣ್ಣ ಬಳಿಯಿರಿ, ಕೆಳಗೆ ಗೋಣಿ ತಟ್ಟು ಕಟ್ಟಿ. ತೊಗರಿ ಕಟ್ಟಿಗೆ, ಕಣಕಿ ಹೊದಿಸುವವರು ಬೆಂಕಿಯ ಎಚ್ಚರ ಇಟ್ಟುಕೊಳ್ಳಬೇಕು. ನಮ್ಮ ಬೇಸಿಗೆಯ ಗಾಳಿ ಒಣಗಾಳಿಯಾದ್ದರಿಂದ ಕಿಟಕಿಗೆ ಒದ್ದೆ ತಟ್ಟು ಕಟ್ಟಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ದೊಡ್ಡ ಬೇವಿನ ಗಿಡ ಇದ್ದವರ ಮಾತು ಬೇರೆ, ಅವರಿಗೆ ಇದಾವುದೂ ಹೇಳಬೇಕಾಗಿಲ್ಲ.

ಫ್ಯಾನಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಬೆವರು ಬೇಗ ಆರುವಂತೆ ಮಾಡುತ್ತದೆ ಅಷ್ಟೇ. ಬೆವರೇ ಕಡಿಮೆ ಇರುವ ಹಿರಿಯರ ಮೇಲೆ 40 ಡಿಗ್ರಿ ದಾಟಿದ ಬಿಸಿಗಾಳಿ ಬೀಸಿದರೆ ಮೈ ಕಾಯುತ್ತದೆಯೇ ಹೊರತು ತಂಪಾಗುವುದಿಲ್ಲ. ಆದ್ದರಿಂದ ಕೈಕಾಲು, ಕುತ್ತಿಗೆ, ಎದೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೈ ತೇವ ಇರುವಾಗ ಫ್ಯಾನಿನ ಕೆಳಗೆ ಕೂರಿಸಿ. ಕರೆಂಟು ಹೋದರೆ ಬೀಸಣಿಕೆ ಸಾಕು.

ಮಕ್ಕಳು ರಾಯಚೂರು ನಗರಕ್ಕೆ ಕರೆದೊಯ್ದ ತಂದೆತಾಯಿಗಳಿಗೆ ರಾತ್ರಿಯೇ ಕಷ್ಟ. ಊರ ನಡುವಿನ ಕಲ್ಲುಬೆಟ್ಟಗಳು, ಕಾಂಕ್ರೀಟು, ಡಾಂಬರು ಹಗಲು ಕುಡಿದ ಕಾವನ್ನು ರಾತ್ರಿ ಬಿಡುತ್ತವೆ. ಹಗಲು ದುಡಿದ ಹೃದಯಕ್ಕೆ ರಾತ್ರಿ ತಂಪಾದರೆ ವಿಶ್ರಾಂತಿ. ಅದೂ ಇಲ್ಲದೆ ಎರಡು ಮೂರು ದಿನ ಕಳೆದರೆ ಹಿರಿಯರು ಕುಸಿಯುತ್ತಾರೆ. ಮೇಲಿನ ಅಂತಸ್ತಿಗಿಂತ ಕೆಳಗಿನ ಕೋಣೆ ಲೇಸು. ಮಲಗುವ ಮುಂಚೆ ಮೈಗೆ ತಣ್ಣೀರು ಹಾಕಿಸಿ.

ಹೊರಗಿನ ಕೆಲಸವನ್ನು ಬೆಳಿಗ್ಗೆ 10ರ ಒಳಗೆ, ಸಂಜೆ 5ರ ಮೇಲೆ ಇಟ್ಟುಕೊಳ್ಳಬೇಕು. ಬಿಳಿಯ ಸಡಿಲ ಹತ್ತಿ ಬಟ್ಟೆ, ತಲೆಗೆ ರುಮಾಲು, ಅದೂ ಒದ್ದೆಯಾಗಿದ್ದರೆ ಉತ್ತಮ. ಕೆಲವರು ಬಿಸಿಲು ಬಡಿಯದಿರಲೆಂದು ರುಮಾಲಿನೊಳಗೆ ಉಳ್ಳಾಗಡ್ಡಿ ಇಟ್ಟುಕೊಳ್ಳುತ್ತಾರೆ. ಇಟ್ಟುಕೊಳ್ಳಲಿ, ಕೆಡುಕೇನಿಲ್ಲ. ಆದರೆ ಉಳ್ಳಾಗಡ್ಡಿ ಇದೆಯೆಂದು ನೀರಿನ ಬಾಟಲಿ ಬಿಟ್ಟು ಹೋಗಬಾರದು. ಇನ್ನೊಂದು ವಿಷಯ: ಮಾರ್ಚ್ ಕೊನೆಯಲ್ಲಿ ಬಿಸಿಲು ಒಮ್ಮೆಲೇ ಏರುವ ಮೊದಲ ದಿನಗಳು ಬಹಳ ಅಪಾಯದವು. ದೇಹ ಹೊಂದಿಕೊಳ್ಳಲು ಒಂದೆರಡು ವಾರ ಬೇಕು, ಮುದುಕರಿಗೆ ಇನ್ನೂ ಹೆಚ್ಚು.

ಸಂಘದ ಪುಸ್ತಕದಿಂದ ಆಗುವ ಕೆಲಸ

ಷಿಕಾಗೋದ ಮಾತಿಗೆ ಈಗ ಬರೋಣ. ಒಂಟಿ ಹಿರಿಯರನ್ನು ದಿನಾ ನೋಡುವವರು ಯಾರು ಎಂಬುದು ಪಟ್ಟಣಗಳಲ್ಲಿ ದೊಡ್ಡ ಪ್ರಶ್ನೆ. ಹಾಲಿನ ಸಂಘವಿರುವ ಹಳ್ಳಿಯಲ್ಲಿ ಅದಕ್ಕೆ ಉತ್ತರ ಈಗಾಗಲೇ ಇದೆ. ಯಾರು ಹಾಲು ತಂದರು, ಯಾರು ತರಲಿಲ್ಲ ಎಂಬುದು ದಿನಕ್ಕೆ ಎರಡು ಹೊತ್ತು ದಾಖಲಾಗುತ್ತದೆ. ಸರ್ಕಾರದ ಯಾವ ಇಲಾಖೆಯ ಹತ್ತಿರವೂ ಇಂಥ ಪುಸ್ತಕವಿಲ್ಲ.

ಆದ್ದರಿಂದ ಸಂಘಗಳ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಮಾರ್ಚ್ ತಿಂಗಳಲ್ಲಿಯೇ ಸದಸ್ಯರ ಪಟ್ಟಿಯಲ್ಲಿ, ಮಕ್ಕಳು ಊರಲ್ಲಿಲ್ಲದ ಹಿರಿಯರ ಹೆಸರಿನ ಮುಂದೆ ಒಂದು ಗುರುತು ಹಾಕಿ, ಮಕ್ಕಳ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಆ ಹೆಸರಿನವರು ಒಂದು ಹೊತ್ತು ಹಾಲು ತರದಿದ್ದರೆ, ಎಮ್ಮೆ ಬತ್ತಿರಬೇಕು ಎಂದು ಸುಮ್ಮನಾಗದೆ ಮನೆಗೆ ಒಬ್ಬರನ್ನು ಕಳಿಸಿ. ಬಂದವರನ್ನೂ ಗಮನಿಸಿ. ದಿನಾ ಲೆಕ್ಕ ಕೇಳುವ ಅಜ್ಜ ಈ ದಿನ ಚೀಟಿ ಬಿಟ್ಟು ಹೋದರೆ, ಮಾತು ತೊದಲಿದರೆ, ನಡಿಗೆ ತೂರಾಡಿದರೆ ಕೂರಿಸಿ ನೀರು ಕೊಡಿ, ತಾನಾಗಿ ಮನೆಗೆ ಹೋಗಲು ಬಿಡಬೇಡಿ. ಸಂಘದ ಮುಂದೆ ಒಂದು ನೆರಳು, ಎರಡು ಹರವಿ ನೀರು, ಹಿರಿಯರಿಗೆ ಸರದಿಯಲ್ಲಿ ಮೊದಲ ಸ್ಥಾನ, ಇವಕ್ಕೆ ಆಡಳಿತ ಮಂಡಳಿಯ ಠರಾವು ಸಾಕು. ಹಣ ಹೆಚ್ಚೇನೂ ಬೇಕಿಲ್ಲ.

ಅಪಾಯದ ಗುರುತು

ತಲೆಸುತ್ತು, ತಲೆನೋವು, ಓಕರಿಕೆ, ಕಾಲಿನ ಸ್ನಾಯು ಹಿಡಿತ, ವಿಪರೀತ ಸುಸ್ತು ಕಂಡರೆ ಅದು ಬಿಸಿಲಿನ ಬಳಲಿಕೆ. ನೆರಳಿನಲ್ಲಿ ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕಿಟ್ಟು, ಮೈ ಒದ್ದೆ ಮಾಡಿ, ಗುಟುಕು ಗುಟುಕಾಗಿ ನೀರು ಕುಡಿಸಿ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮೈ ಬೆಂಕಿಯಂತೆ ಕಾದಿದ್ದು, ಮಾತು ಅಡ್ಡಾದಿಡ್ಡಿಯಾದರೆ, ಮನೆಯವರ ಗುರುತು ಸಿಗದಿದ್ದರೆ, ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ ಅದು ಬಿಸಿಲಿನ ಹೊಡೆತ. ದೇಹದ ಉಷ್ಣತೆ ಆಗ 40 ಡಿಗ್ರಿ ಮುಟ್ಟಿರುತ್ತದೆ ಅಥವಾ ದಾಟಿರುತ್ತದೆ. "ಬಿಸಿಲಿಗೆ ಹೋಗೇ ಇಲ್ಲ, ಮನಿಯಾಗೇ ಇದ್ರು" ಎಂದು ಸಂದೇಹಪಡಬೇಡಿ. ಹಿರಿಯರಿಗೆ ಮನೆಯೊಳಗೆ ಮಲಗಿದ್ದಾಗಲೂ ಇದು ಬರುತ್ತದೆ. ದೆವ್ವ ಬಡಿದಿದೆ, ವಯಸ್ಸಿಗೆ ಅರಳುಮರಳು ಎಂದು ಹೊತ್ತು ಕಳೆಯಬೇಡಿ.

ಕೂಡಲೇ 108ಕ್ಕೆ ಫೋನ್ ಮಾಡಿ. ಆದರೆ ಗಾಡಿ ಬರುವವರೆಗೆ ಕೈಕಟ್ಟಿ ಕೂರಬಾರದು. ಹಳ್ಳಿಯಿಂದ ದೇವದುರ್ಗ ಅಥವಾ ಮಾನ್ವಿಯ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಬೇಕಾದರೆ ರಾಯಚೂರಿನ ರಿಮ್ಸ್‌ಗೆ ಮುಟ್ಟುವಷ್ಟರಲ್ಲಿ ಬಹಳ ಹೊತ್ತಾಗುತ್ತದೆ. ಜೀವ ಉಳಿಯುವುದು ಮೊದಲ ಅರ್ಧ ಗಂಟೆಯಲ್ಲಿ ಮೈ ಎಷ್ಟು ತಂಪಾಯಿತು ಎಂಬುದರ ಮೇಲೆ. ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ನೀರು ಸುರಿದು ಜೋರಾಗಿ ಗಾಳಿ ಹಾಕಿ. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಗಾಡಿಯಲ್ಲಿಯೂ ಒದ್ದೆ ಬಟ್ಟೆ ತೆಗೆಯಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಲೇಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಜ್ವರದ ಮಾತ್ರೆ ಈ ಕಾವಿಗೆ ಕೆಲಸ ಮಾಡುವುದಿಲ್ಲ.

ರೋಹಿಣಿ ಮಳೆ ಬಿದ್ದಿತೆಂದು ಒಮ್ಮೆಲೇ ಎಚ್ಚರ ಬಿಡುವಂತೆಯೂ ಇಲ್ಲ. ಮೊದಲ ಮಳೆಯ ನಂತರ ಬಿಸಿಲು ಎರಡು ಮೂರು ಡಿಗ್ರಿ ಇಳಿದರೂ ಗಾಳಿಯಲ್ಲಿ ತೇವ ಏರುತ್ತದೆ, ಬೆವರು ಆರುವುದಿಲ್ಲ. ಕಾಲುವೆ ನೀರು ಹರಿಯುವ ಮಾನ್ವಿ ಕಡೆಯ ಊರುಗಳಲ್ಲಿ ಈ ಕುದಿ ಹೆಚ್ಚು. ಒದ್ದೆ ತಟ್ಟು ಆಗ ಉಪಯೋಗಕ್ಕೆ ಬರುವುದಿಲ್ಲ, ಕಿಟಕಿ ಬಾಗಿಲು ತೆರೆದು ಗಾಳಿ ಆಡುವಂತೆ ಮಾಡಬೇಕು. ಬಿತ್ತನೆಯ ಅವಸರದಲ್ಲಿ ಗುಳೆ ಹೋದವರು ಊರಿಗೆ ಮರಳುವ ಹೊತ್ತಿಗೆ ಮೃಗಶಿರಾ ಮಳೆ ಬಂದಿರುತ್ತದೆ. ಅಲ್ಲಿಯವರೆಗೆ ಸಂಘದ ಪಟ್ಟಿಯ ಗುರುತುಗಳನ್ನು ಅಳಿಸಬೇಡಿ.